ಬೇಲೂರಿನಿಂದ ಓಡಾಡಿಕೊಂಡು ಹಾಸನದಲ್ಲಿ ಅನಸ್ತೇಷಿಯಾ ಪಿಜಿ (ಎಂಬಿಬಿಎಸ್ ನಂತರದ ಸ್ನಾತಕೋತ್ತರ ಓದು) ಮಾಡಬಹುದಾ? ಡ್ಯೂಟಿ ಇಳಿದ ದಿನ ನೀವೆಲ್ಲ ಏನು ಮಾಡುತ್ತೀರಿ?

ಯಗಚಿ ದಂಡೆ

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಅರ್ಧ ಓದಿ "ಹಾಸ್ಟೆಲ್‌ನಲ್ಲೇ ಇರಿ" ಅಂತ ಬರೆದು ಹೋಗಬೇಡಿ.

ನನಗೆ 34 ವರ್ಷ. ಎಂಬಿಬಿಎಸ್ ಆದ ಮೇಲೆ ಬೇಲೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏಳು ವರ್ಷ ಮೆಡಿಕಲ್ ಆಫೀಸರ್ ಆಗಿದ್ದೆ. ಇನ್‌ಸರ್ವಿಸ್ ಕೋಟಾದಲ್ಲಿ (ಸರ್ಕಾರಿ ಸೇವೆಯಲ್ಲಿರುವ ಡಾಕ್ಟರುಗಳ ಸೀಟು) ಅನಸ್ತೇಷಿಯಾ ಸಿಕ್ಕಿತು, ಅದೂ ಹಾಸನದಲ್ಲೇ. ಮನೆಯವರೆಲ್ಲ ಹಿಗ್ಗಿದರು. "ಬೀದರ್, ಬಳ್ಳಾರಿ ಅಂತ ಅಲೆಯುವ ಹಾಗಿಲ್ಲ. 40 ಕಿಲೋಮೀಟರು, ಬೆಳಿಗ್ಗೆ ಎದ್ದು ಹೋದರೆ ಸಂಜೆ ಮನೆಗೆ" ಅಂದರು ನಮ್ಮ ಮಾವ. ಅವರ ತಲೆಯಲ್ಲಿ ನಾನು ಬ್ಯಾಂಕಿಗೆ ಹೋಗಿ ಬರುತ್ತೇನೆ.

ಫಸ್ಟ್ ಇಯರ್ ಪೂರ್ತಿ ಹಾಸ್ಟೆಲ್‌ನಲ್ಲಿ ಇದ್ದೆ. ನಾಲ್ಕು ದಿನಕ್ಕೊಂದು 24 ಗಂಟೆ ಡ್ಯೂಟಿ, ಬೇರೆ ದಾರಿ ಇರಲಿಲ್ಲ. ಮಗಳಿಗೆ ಈಗ ನಾಲ್ಕೂವರೆ, ಎಲ್‌ಕೆಜಿ. ಯಜಮಾನರು ಹೈಸ್ಕೂಲ್ ಮೇಷ್ಟ್ರು. ಅತ್ತೆಗೆ ಮಂಡಿ ನೋವು, ಆದರೂ ಅವರೇ ಮಗುವನ್ನು ನೋಡಿಕೊಳ್ಳುತ್ತಾರೆ. ಈಚೆಗೆ ಪಕ್ಕದ ಮನೆಯವರು "ನಿಮ್ಮಮ್ಮ ಎಲ್ಲಮ್ಮಾ" ಅಂತ ಕೇಳಿದ್ದಕ್ಕೆ ಮಗಳು "ಫೋನಲ್ಲಿ" ಅಂದಳಂತೆ. ಹಾಸನದಲ್ಲಿ ಅನ್ನಲಿಲ್ಲ, ಆಸ್ಪತ್ರೆಯಲ್ಲಿ ಅನ್ನಲಿಲ್ಲ. ಅವಳ ಪ್ರಕಾರ ನಾನು ವಾಸ ಮಾಡುವುದೇ ಫೋನಿನಲ್ಲಿ.

ಈಗ ಸೆಕೆಂಡ್ ಇಯರ್. ಡ್ಯೂಟಿ ಆರು ದಿನದ ಸುತ್ತು. ಒಂದನೇ ದಿನ ಬೆಳಿಗ್ಗೆ 8ರಿಂದ ಮರುದಿನ 8ರವರೆಗೆ ಆಸ್ಪತ್ರೆಯೊಳಗೇ ಡ್ಯೂಟಿ. ಎರಡನೇ ದಿನ ಪೋಸ್ಟ್ ಡ್ಯೂಟಿ. ಪಟ್ಟಿಯ ಪ್ರಕಾರ 8ಕ್ಕೆ ಬಿಡುಗಡೆ. ನಿಜದಲ್ಲಿ ಮುಂದಿನವರಿಗೆ ಕೇಸುಗಳನ್ನು ಒಪ್ಪಿಸಿ, ಐಸಿಯು ರೌಂಡ್ಸ್ ಮುಗಿಸಿ, ಯಾವುದಾದರೂ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಜನ ಕಡಿಮೆ ಇದ್ದರೆ ಅಲ್ಲಿಯೂ ನಿಂತು, 12 ಅಥವಾ 1 ಗಂಟೆ. ಮೂರು, ನಾಲ್ಕು ಮಾಮೂಲಿ ದಿನಗಳು. ಐದನೇ ದಿನ ರಾತ್ರಿ ಬ್ಯಾಕಪ್ ಕಾಲ್. ಆರನೇ ದಿನ ಮಾಮೂಲಿ. ಭಾನುವಾರ ಡ್ಯೂಟಿ ಇಲ್ಲದಿದ್ದರೆ ರಜೆ.

ಬ್ಯಾಕಪ್ ಕಾಲ್ ಅಂದರೆ ರಾತ್ರಿ ಎರಡನೇ ಓಟಿ ತೆರೆದರೆ ಫೋನ್ ಬರುತ್ತದೆ, 20 ನಿಮಿಷದಲ್ಲಿ ಟೇಬಲ್ ಪಕ್ಕದಲ್ಲಿ ನಿಂತಿರಬೇಕು. ಇದರ ಬಗ್ಗೆ ನನ್ನ ತಕರಾರಿಲ್ಲ. ಮಗುವಿನ ಹಾರ್ಟ್ ರೇಟ್ ಬಿದ್ದಿದೆ ಅಂತ ಸಿಸೇರಿಯನ್ ನಿರ್ಧಾರ ಮಾಡಿದರೆ, ಆ ನಿರ್ಧಾರದಿಂದ ಮಗು ಹೊರಗೆ ಬರುವವರೆಗೆ 30 ನಿಮಿಷ ಅಂತ ನಾವೆಲ್ಲ ಓದಿದ್ದೇವೆ. ಬೇಲೂರಿನಲ್ಲಿ ಕೂತು ಅದು ಆಗುವ ಮಾತಲ್ಲ. ಆ ರಾತ್ರಿ ಹಾಸನದಲ್ಲೇ ಇರುತ್ತೇನೆ.

ಅಂದರೆ ಆರರಲ್ಲಿ ನಾಲ್ಕು ರಾತ್ರಿ ಮನೆಯಲ್ಲಿ ಮಲಗಬಹುದು, ತಿಂಗಳಿಗೆ 20. ಮನೆ ಬಾಗಿಲಿನಿಂದ ಓಟಿ ಬಾಗಿಲಿಗೆ ಒಂದು ಗಂಟೆ 20 ನಿಮಿಷ ಹಿಡಿಯಿರಿ. ಹೋಗಿ ಬರುವುದು ಸೇರಿ ತಿಂಗಳಿಗೆ 53 ಗಂಟೆ ರಸ್ತೆಯಲ್ಲಿ. ಓಟಿ ಶುರುವಾಗುವುದು 8ಕ್ಕೆ, ಆದರೆ ನಾವು ಸರ್ಜನ್‌ಗಿಂತ ಮೊದಲು ಬರಬೇಕಲ್ಲ. ಮೆಷಿನ್ ಚೆಕ್, ಸಕ್ಷನ್, ಔಷಧಿ ಲೋಡ್ ಮಾಡುವುದು, ಎಲ್ಲ ಸೇರಿ 7:30ಕ್ಕೆ ಒಳಗಿರಬೇಕು. ಹಾಗಾಗಿ 4:45ಕ್ಕೆ ಎದ್ದು 6 ಗಂಟೆ ಬಸ್ಸು ಹಿಡಿಯಬೇಕು, ಇಲ್ಲವಾದರೆ ನಮ್ಮ ಹಳೆ ಆಲ್ಟೋ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ನಾನು ದುಡ್ಡು ಕೊಡಬೇಕಿಲ್ಲ, ಆದರೆ ಚಿಕ್ಕಮಗಳೂರಿನಿಂದ ತುಂಬಿ ಬಂದ ಬಸ್ಸಿನಲ್ಲಿ ಸೀಟೂ ಇಲ್ಲ.

ಇಷ್ಟು ಹೇಳಿ. ಬಸ್ಸಾ, ಕಾರಾ? ಹಾಸ್ಟೆಲ್ ರೂಂ ಬಿಡಲಾ, ಇಟ್ಟುಕೊಳ್ಳಲಾ? ಪೋಸ್ಟ್ ಡ್ಯೂಟಿ ದಿನ ಹೇಗೆ? ನನಗೆ ಆ ದಿನ ಮುಖ್ಯ. ಮಧ್ಯಾಹ್ನ ಹೊರಟರೆ ಮಗಳು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಯಲ್ಲಿರಬಹುದು. ಆರು ದಿನದಲ್ಲಿ ಅವಳಿಗೆ ನಾನು ಬೆಳಕಿನಲ್ಲಿ ಸಿಗುವುದು ಅದೊಂದು ದಿನ.

ಕಾಲೇಜಿನ ಹೆಸರು ಕೇಳಬೇಡಿ.

ಎಂಡಿ ತೊಂಬತ್ತನಾಲ್ಕು

ಹಾಸ್ಟೆಲ್‌ನಲ್ಲಿ ಇರಿ. ಮೂರು ವರ್ಷ ತಾನೇ. ನಮ್ಮ ಕಾಲದಲ್ಲಿ ಗಂಟೆ ಲೆಕ್ಕ ಯಾರೂ ಇಡುತ್ತಿರಲಿಲ್ಲ. ಮನೆ ಮಠ ಮರೆತು ಕಲಿತೆವು, ಅದಕ್ಕೇ ಕೈ ಪಳಗಿದೆ.

ಆರ್ಥೋ ಸುತ್ತಿಗೆ

ತೊಂಬತ್ತನಾಲ್ಕು ಸರ್, ನಮಸ್ಕಾರ. ಗಂಟೆ ಲೆಕ್ಕ ಇಟ್ಟಿದ್ದು ನಿಮ್ಮ ಕಾಲದಲ್ಲೇ. ಕೇಂದ್ರ ಆರೋಗ್ಯ ಇಲಾಖೆಯ ರೆಸಿಡೆನ್ಸಿ ಆದೇಶದ ತಾರೀಖು 1992ರ ಜೂನ್ 5. ಜೂನಿಯರ್ ರೆಸಿಡೆಂಟ್‌ಗೆ (ನಮ್ಮಂಥ ಪಿಜಿಗೆ) ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆಗಿಂತ ಜಾಸ್ತಿ ಬೇಡ ಅಂತ ಬರೆದಿದೆ. ಪಾಲಿಸಿದವರು ಇಲ್ಲ, ಅದು ಬೇರೆ ಮಾತು.

ಮೇಡಂ, ನಾನು ಥರ್ಡ್ ಇಯರ್ ಆರ್ಥೋ (ಮೂಳೆ ವಿಭಾಗ). ಮನೆ ಆಲೂರು ಹತ್ತಿರ, ಬೈಕಿನಲ್ಲಿ ಓಡಾಡುತ್ತೇನೆ. ನನ್ನದು 15 ಕಿಲೋಮೀಟರ್ ಒಳಗೆ. ಹಾಗಾಗಿ ನಿಮಗೆ ಬುದ್ಧಿ ಹೇಳುವಷ್ಟು ಅನುಭವ ನನ್ನದಲ್ಲ. ರೂಲ್ಸ್ ಮಾತ್ರ ಹೇಳುತ್ತೇನೆ, ನಮ್ಮ ಬ್ಯಾಚಿನಲ್ಲಿ ಅದಕ್ಕೆ ನಾನೇ ಲಾಯರು.

ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗದ) 2023ರ ಪಿಜಿ ನಿಯಮಾವಳಿ ತೆಗೆದು ನೋಡಿ. ಪಿಜಿಗಳಿಗೆ ವಾಸಕ್ಕೆ ಜಾಗ ಕೊಡುವುದು ಕಾಲೇಜಿಗೆ ಕಡ್ಡಾಯ. ಅಲ್ಲಿ ಇರುವುದು ನಮಗೆ ಕಡ್ಡಾಯವಲ್ಲ. ಹಾಗಾಗಿ "ಓಡಾಡುವ ಹಾಗಿಲ್ಲ" ಅಂತ ಯಾರಾದರೂ ಹೆದರಿಸಿದರೆ ಸುಮ್ನೆ ಕೇಳಿಕೊಳ್ಳಬೇಡಿ. ಕೆಲಸದ ಹೊತ್ತು ಸಮಂಜಸವಾಗಿರಬೇಕು, ವಿಶ್ರಾಂತಿ ಕೊಡಬೇಕು, ವಾರಕ್ಕೊಂದು ರಜೆ, ವರ್ಷಕ್ಕೆ 20 ಸಿಎಲ್, ಎಲ್ಲ ಅದರಲ್ಲಿದೆ. ಸಮಂಜಸ ಅಂದರೆ ಎಷ್ಟು ಗಂಟೆ ಅಂತ ಮಾತ್ರ ಬರೆದಿಲ್ಲ. ಜಾಣರು. 2024ರಲ್ಲಿ ಎನ್‌ಎಂಸಿಯದೇ ಮಾನಸಿಕ ಆರೋಗ್ಯದ ಟಾಸ್ಕ್ ಫೋರ್ಸ್ ವಾರಕ್ಕೆ 74 ಗಂಟೆ ಮೀರಬಾರದು ಅಂತ ಶಿಫಾರಸು ಮಾಡಿತು. ಶಿಫಾರಸು ಅಷ್ಟೇ.

ನಿಮ್ಮ ಪಟ್ಟಿಯನ್ನು ನಾನು ಕೂಡಿಸಿ ನೋಡಿದೆ. ಡ್ಯೂಟಿ 24, ಮರುದಿನದ 5, ಮಾಮೂಲಿ ದಿನಗಳು ದಿನಕ್ಕೆ 9ರಂತೆ 36. ಆರು ದಿನಕ್ಕೆ 65, ಅಂದರೆ ವಾರಕ್ಕೆ 76ರ ಹತ್ತಿರ. ಭಾನುವಾರ ಸಿಕ್ಕರೆ ಸ್ವಲ್ಪ ಇಳಿಯುತ್ತದೆ. ಅದರ ಮೇಲೆ ನೀವು ವಾರಕ್ಕೆ 12 ಗಂಟೆ ರಸ್ತೆ ಸೇರಿಸುತ್ತಿದ್ದೀರಿ.

ಹಾಸ್ಟೆಲ್ ರೂಂ ಬಿಡಬೇಡಿ. ಬಿಟ್ಟರೆ ಮತ್ತೆ ಸಿಗುವುದು ಕಷ್ಟ. ಇನ್ನೊಂದು ಐಡಿಯಾ: ಬ್ಯಾಕಪ್ಪನ್ನು ಐದನೇ ದಿನದಿಂದ ಆರನೇ ದಿನಕ್ಕೆ ಬದಲಾಯಿಸಿಕೊಳ್ಳಿ. ಆಗ ಬ್ಯಾಕಪ್ ಮರುದಿನವೇ ಡ್ಯೂಟಿ, ಎರಡು ರಾತ್ರಿ ಒಟ್ಟಿಗೆ ಹಾಸನದಲ್ಲಿ ಮುಗಿಯುತ್ತದೆ. ಉಳಿದ ನಾಲ್ಕು ಸಾಲಾಗಿ ಮನೆಯಲ್ಲಿ.

ಹಳೇ ಲ್ಯಾರಿಂಗೋಸ್ಕೋಪು

ಸುತ್ತಿಗೆಯವರೇ, ಆ ಐಡಿಯಾ ಬೇಡ. ಬ್ಯಾಕಪ್ ರಾತ್ರಿ ಎರಡು ಸಲ ಕರೆದರೆ ಅವರು ನಿದ್ದೆ ಇಲ್ಲದೆ 24 ಗಂಟೆ ಡ್ಯೂಟಿಗೆ ಹತ್ತುತ್ತಾರೆ. ಮೂಳೆ ಮುರಿದವರು ಬೆಳಗಿನವರೆಗೆ ಕಾಯುತ್ತಾರೆ. ನಮ್ಮ ಪೇಷಂಟು ಉಸಿರಾಡುವುದನ್ನು ನಾವೇ ನೋಡಬೇಕು.

ಮೇಡಂ, ನಾನು ಅನಸ್ತೇಷಿಯಾದವನು. ಪಿಜಿ ಮಾಡಿದ್ದು ಮೈಸೂರಿನಲ್ಲಿ, ಮನೆ ಆಗ ಕೆ.ಆರ್. ನಗರದಲ್ಲಿ. ನಿಮ್ಮಷ್ಟೇ ದೂರ. ಈಗ ಇಲ್ಲೇ ಹಾಸನದಲ್ಲಿ ಪ್ರೈವೇಟ್ ಪ್ರಾಕ್ಟೀಸ್. ನಿಮ್ಮ ಲೆಕ್ಕವೆಲ್ಲ ಸರಿಯಾಗಿದೆ, ಒಂದು ಕಡೆ ಬಿಟ್ಟು. ಬೆಳಿಗ್ಗೆ ಹೋಗುವ 40 ಕಿಲೋಮೀಟರನ್ನೂ ಡ್ಯೂಟಿ ಇಳಿದು ಬರುವ 40 ಕಿಲೋಮೀಟರನ್ನೂ ಒಂದೇ ಬೆಲೆಗೆ ಹಾಕಿದ್ದೀರಿ.

ನನ್ನದೊಂದು ಬೆಳಿಗ್ಗೆ ಹೇಳುತ್ತೇನೆ. ರಾತ್ರಿ ಐದು ಕೇಸ್ ಆಗಿತ್ತು, ಕೊನೆಯದು ನಾಲ್ಕು ಗಂಟೆಗೆ ಒಂದು ಪರ್ಫೊರೇಷನ್ (ಹೊಟ್ಟೆಯೊಳಗೆ ತೂತು ಬಿದ್ದ ಕೇಸ್). ಒಂಬತ್ತಕ್ಕೆ ಬೈಕ್ ತೆಗೆದೆ. ಇಲವಾಲ ದಾಟಿದ ಮೇಲೆ ಬಿಸಿಲು ಬೆನ್ನಿಗೆ ಬೆಚ್ಚಗೆ ಬಿತ್ತು. ಆಮೇಲೆ ನನಗೆ ಗೊತ್ತಿರುವುದು ಜೋಳದ ಗದ್ದೆ. ಬೈಕು ತಾನಾಗಿ ರಸ್ತೆ ಇಳಿದು ಬದುವಿಗೆ ಹೊಡೆದು ನಿಂತಿತ್ತು. ಕಾಲರ್ ಬೋನ್ ಒಂದು ಹೋಯಿತು. ಅದೇ ಆಸ್ಪತ್ರೆಗೆ ಪೇಷಂಟ್ ಆಗಿ ವಾಪಸ್ ಹೋದೆ. ನನ್ನ ಬ್ಯಾಚ್‌ಮೇಟ್ ಕೇಸ್ ಶೀಟಿನಲ್ಲಿ "ನಾಯಿ ಅಡ್ಡ ಬಂದು" ಅಂತ ಬರೆದ. ನಿದ್ದೆ ಅಂತ ಬರೆಯಲು ಇಬ್ಬರಿಗೂ ನಾಚಿಕೆ. ಪಾಪ, ಇಲ್ಲದ ನಾಯಿ.

1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬರೆದರು. 17 ಗಂಟೆ ಎಚ್ಚರವಿದ್ದವರ ಕೈ ಕಣ್ಣಿನ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಗೆ 100ರ ಹತ್ತಿರ. ನಮ್ಮ ಮೋಟಾರು ವಾಹನ ಕಾಯಿದೆಯ ಮಿತಿ 30. ನೀವು ಡ್ಯೂಟಿ ದಿನ 4:45ಕ್ಕೆ ಎದ್ದು ಮರುದಿನ 1 ಗಂಟೆಗೆ ಕಾರು ಹತ್ತಿದರೆ, ನಡುವೆ ಕಣ್ಣು ಮುಚ್ಚದಿದ್ದರೆ, 32 ಗಂಟೆ. ಪೊಲೀಸರ ಮೆಷಿನ್ ಊದಿದರೆ ಸೊನ್ನೆ ಬರುತ್ತದೆ, ಅದೇ ತೊಂದರೆ. ಅಮೆರಿಕದಲ್ಲಿ ಇಂಟರ್ನ್‌ಗಳ ಮೇಲೆ 2005ರಲ್ಲಿ ಬಂದ ಅಧ್ಯಯನದಲ್ಲೂ, 24 ಗಂಟೆ ದಾಟಿದ ಡ್ಯೂಟಿ ಮುಗಿಸಿ ಹೊರಟವರಿಗೆ ಅಪಘಾತದ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ ಇತ್ತು.

ನಮ್ಮ ಕೆಲಸದ ಲೆಕ್ಕದಲ್ಲೇ ಹೇಳುವುದಾದರೆ, ಡೇ ಕೇರ್ ಕೇಸಿಗೆ ಅನಸ್ತೇಷಿಯಾ ಕೊಟ್ಟು ಸಂಜೆ ಮನೆಗೆ ಬಿಡುವಾಗ ಏನು ಹೇಳುತ್ತೀರಿ? ಜೊತೆಗೆ ದೊಡ್ಡವರು ಯಾರಾದರೂ ಇರಬೇಕು, 24 ಗಂಟೆ ಗಾಡಿ ಓಡಿಸಬಾರದು, ಕಾಗದ ಪತ್ರಕ್ಕೆ ಸೈನ್ ಹಾಕಬಾರದು. ಜೊತೆಗೆ ಜನ ಇಲ್ಲದಿದ್ದರೆ ಡಿಸ್ಚಾರ್ಜೇ ಮಾಡುವುದಿಲ್ಲ. ಪೋಸ್ಟ್ ಡ್ಯೂಟಿ ದಿನ ನಿಮ್ಮನ್ನು ನೀವೇ ಡಿಸ್ಚಾರ್ಜ್ ಮಾಡಿಕೊಳ್ಳುತ್ತಿದ್ದೀರಿ. ಅದೇ ರೂಲು ಹಾಕಿಕೊಳ್ಳಿ.

ನಾನು ಆಮೇಲೆ ಮಾಡಿದ್ದು ಹೀಗೆ. ಡ್ಯೂಟಿ ಇಳಿದ ಕೂಡಲೇ ಹಾಸ್ಟೆಲ್‌ನಲ್ಲಿ ಮಲಗುತ್ತಿದ್ದೆ, ಎರಡು ಗಂಟೆ. ಎದ್ದ ಮೇಲೆ ಅರ್ಧ ಗಂಟೆ ಎಲ್ಲಿಗೂ ಹೊರಡುತ್ತಿರಲಿಲ್ಲ, ಆ ಮಂಕು ನಿದ್ದೆಗಿಂತ ಅಪಾಯ. ಸ್ನಾನ, ಕಾಫಿ, ಆಮೇಲೆ ಬಸ್ಸು. ಬಸ್ಸಿನಲ್ಲಿ ಮತ್ತೆ ನಿದ್ದೆ. ಕಂಡಕ್ಟರ್‌ಗೆ ಮೊದಲೇ ಹೇಳಿಡುತ್ತಿದ್ದೆ. ಎರಡು ಸಲ ಕೆ.ಆರ್. ನಗರ ಬಿಟ್ಟು ಮುಂದೆ ಹೋದದ್ದೂ ಉಂಟು.

ಡ್ಯೂಟಿಯ ಹಿಂದಿನ ರಾತ್ರಿಯೂ ಹಾಸನದಲ್ಲೇ ಮಲಗಿ. 4:45ರ ಬದಲು 6:30ಕ್ಕೆ ಏಳುತ್ತೀರಿ. ಮರುದಿನ ಬೆಳಗಿನ ಜಾವ ಮೂರು ಗಂಟೆಗೆ ಆ ಹೆಚ್ಚಿನ ನಿದ್ದೆಯ ಬೆಲೆ ಗೊತ್ತಾಗುತ್ತದೆ.

ಒಂದು ಪ್ರಶ್ನೆ, ಉತ್ತರಿಸಲೇಬೇಕು ಅಂತಿಲ್ಲ. ನೀವು ಈಗಾಗಲೇ ಯಾವಾಗಲಾದರೂ ತೂಕಡಿಸಿದ್ದೀರಾ?

ಸಕಲೇಶಪುರದ ಅಳಿಯ

ನಾನು ಡಾಕ್ಟರ್ ಅಲ್ಲ. ನನ್ನ ಹೆಂಡತಿ ಓಬಿಜಿ (ಹೆರಿಗೆ ವಿಭಾಗ) ಪಿಜಿ ಮುಗಿಸಿ ಒಂದೂವರೆ ವರ್ಷ ಆಯಿತು. ಸಕಲೇಶಪುರ ಹಾಸನ, ಅದೂ ನಿಮ್ಮಷ್ಟೇ ದೂರ. ಮೊದಲ ಆರು ತಿಂಗಳು ಅವಳು ಓಡಾಡಿದಳು. ಮನೆ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ, ಇಲ್ಲಿ ಯಾರೂ ಅದನ್ನು ಬರೆದಿಲ್ಲ.

ಅವಳ ಅಲಾರಂ 4:30ಕ್ಕೆ. ಏಳುತ್ತಿದ್ದುದು ಇಡೀ ಮನೆ. ಅಮ್ಮ ಎದ್ದು ತಿಂಡಿ ಮಾಡುತ್ತೇನೆ ಅನ್ನುವುದು, ಇವಳು ಬೇಡ ಅನ್ನುವುದು, ಅಮ್ಮ ಮುನಿಸಿಕೊಳ್ಳುವುದು. ರಾತ್ರಿ ಎಂಟೂವರೆಗೆ ಬಂದವಳು ಬ್ಯಾಗ್ ಹೆಗಲಲ್ಲಿ ಇಟ್ಟುಕೊಂಡೇ ಸೋಫಾದ ಮೇಲೆ ನಿದ್ದೆ. ನಮ್ಮ ಹುಡುಗನಿಗೆ ಆಗ ಮೂರು ವರ್ಷ. ಅವನು ಹೋಗಿ ಅಮ್ಮನ ಶೂ ಬಿಚ್ಚುತ್ತಿದ್ದ. ನೋಡಿದವರಿಗೆ ಮುದ್ದು. ನನಗೆ ಮಾತ್ರ ಹೊಟ್ಟೆ ಕಿವುಚುತ್ತಿತ್ತು.

ಮೇಡಂ, ನೀವು ಮನೆಯಲ್ಲಿ ಮಲಗುವ ರಾತ್ರಿ ಎಣಿಸಿದ್ದೀರಿ. ಮಗು ಎಚ್ಚರವಿರುವ ಹೊತ್ತು ಎಣಿಸಿ. ಮಾಮೂಲಿ ದಿನ ನೀವು ಏಳೂವರೆಗೆ ಮನೆ ಸೇರಿ, ಮಗು ಒಂಬತ್ತಕ್ಕೆ ಮಲಗಿದರೆ ಒಂದೂವರೆ ಗಂಟೆ. ಅದಕ್ಕೆ ರಸ್ತೆಯಲ್ಲಿ ಎರಡು ಗಂಟೆ 40 ನಿಮಿಷ. ಬೇಡ ಅನ್ನುತ್ತಿಲ್ಲ, ಆ ಒಂದೂವರೆ ಗಂಟೆ ನಮಗೂ ಬೇಕಿತ್ತು. ಸುಮ್ನೆ ಲೆಕ್ಕ ಗೊತ್ತಿರಲಿ.

ಇನ್ನು ನಮ್ಮ ರಸ್ತೆಯ ಕಥೆ ಗೊತ್ತಲ್ಲ. ಮಳೆಗಾಲದಲ್ಲಿ ಮುಂದಿನ ಗಾಡಿ ಕಾಣುವುದಿಲ್ಲ, ಅದರ ಮೇಲೆ ಆನೆ. ಆಲೂರು, ಸಕಲೇಶಪುರ, ನಿಮ್ಮ ಬಿಕ್ಕೋಡು ಕಡೆಯೆಲ್ಲ ಯಾವ ಗುಂಪು ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಮೆಸೇಜ್ ಹಾಕುತ್ತಾರೆ. ಒಂದು ದಿನ ಅವಳು ಡ್ಯೂಟಿಗೆ ತಡವಾಗಿ ಹೋಗಿ "ಆನೆ ಇತ್ತು ಸರ್" ಅಂದದ್ದಕ್ಕೆ ಯಾರೂ ನಂಬಲಿಲ್ಲ. ಬೆಂಗಳೂರಿನಿಂದ ಬಂದ ಯಾರೋ ಪ್ರೊಫೆಸರ್. ಆಮೇಲೆ ಆ ಮೆಸೇಜ್ ತೋರಿಸಿದಳು. ಅಂದಿನಿಂದ ಡಿಪಾರ್ಟ್‌ಮೆಂಟಿನಲ್ಲಿ ಯಾರು ತಡವಾಗಿ ಬಂದರೂ "ಏನು, ಆನೆ ಬಂತಾ" ಅನ್ನುತ್ತಿದ್ದರಂತೆ.

ಏಳನೇ ತಿಂಗಳಿಗೆ ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕೋಣೆ ಹಿಡಿದೆವು. ವಾರದಲ್ಲಿ ಎರಡು ಸಂಜೆ ನಾನೇ ಹುಡುಗನನ್ನು ಬಸ್ಸಿನಲ್ಲಿ ಕರೆದುಕೊಂಡು ಹಾಸನಕ್ಕೆ ಹೋಗುತ್ತಿದ್ದೆ. ಅಲ್ಲೇ ಊಟ, ಅಲ್ಲೇ ನಿದ್ದೆ, ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್. ಎಲ್ಲರೂ ತಾಯಿ ಮಗುವಿನ ಹತ್ತಿರ ಬರಬೇಕು ಅಂತಲೇ ಯೋಚನೆ ಮಾಡುತ್ತಾರೆ. ಮಗುವಿಗೂ ಬಸ್ಸಿದೆ. ನಿಮ್ಮ ಯಜಮಾನರು ಮೇಷ್ಟ್ರು ಅಂದಿರಿ, ಶನಿವಾರ ಮಧ್ಯಾಹ್ನ ಬಿಡುವಿರುತ್ತದೆ ಅಲ್ವಾ? ಅವರ ಕೈಯಲ್ಲಿ ಇದನ್ನು ಓದಿಸಿ.

ಯಗಚಿ ದಂಡೆ

ಎಲ್ಲರಿಗೂ ಥ್ಯಾಂಕ್ಸ್. ತೊಂಬತ್ತನಾಲ್ಕು ಸರ್, ನಿಮಗೂ. ನಿಮ್ಮ ಕೈ ಪಳಗಿರುವುದರ ಬಗ್ಗೆ ಅನುಮಾನವಿಲ್ಲ. ನಿಮ್ಮ ಮನೆಯವರು ಏನು ಹೇಳುತ್ತಾರೆ ಅಂತ ಕೇಳುವ ಆಸೆ.

ಲ್ಯಾರಿಂಗೋಸ್ಕೋಪ್ ಸರ್, ನಿಮ್ಮ ಕೊನೆಯ ಪ್ರಶ್ನೆ ಓದಿ ಎರಡು ದಿನ ಇಲ್ಲಿಗೆ ಬರಲಿಲ್ಲ. ಮೊದಲ ಪೋಸ್ಟ್‌ನಲ್ಲಿ ಬರೆದು ಅಳಿಸಿದ್ದು ಅದನ್ನೇ.

ಫೆಬ್ರವರಿಯಲ್ಲಿ ಮಗಳ ಸ್ಕೂಲ್ ಡೇ ಇತ್ತು. ಅವಳು ಚಿಟ್ಟೆ. ಹಿಂದಿನ ರಾತ್ರಿ ನನಗೆ ಡ್ಯೂಟಿ, ಮೂರು ಸಿಸೇರಿಯನ್ನು, ಒಂದು ತಲೆಗೆ ಪೆಟ್ಟು ಬಿದ್ದ ಕೇಸ್. ಮಧ್ಯಾಹ್ನ ಹನ್ನೆರಡೂವರೆಗೆ ಆಲ್ಟೋ ತೆಗೆದೆ. ಎಸಿ ಹಾಕಿದರೆ ನಿದ್ದೆ ಬರುತ್ತದೆ ಅಂತ ಕಿಟಕಿ ಇಳಿಸಿದೆ, ಜೋರಾಗಿ ಹಾಡು ಹಾಕಿದೆ. ಇವೆಲ್ಲ ಕೆಲಸ ಮಾಡುತ್ತವೆ ಅಂತ ನಂಬಿದ್ದೆ. ದಾರಿಯಲ್ಲಿ ಹಗರೆ ಊರು ಬಂದದ್ದು ನೆನಪಿದೆ. ಹಗರೆ ದಾಟಿದ್ದು ನೆನಪಿಲ್ಲ. ಮುಂದೆ ಕೇಳಿಸಿದ್ದು ಲಾರಿಯ ಹಾರನ್ನು. ನಾನು ಪೂರ್ತಿ ಬಲಗಡೆ ಇದ್ದೆ. ಎಡಕ್ಕೆ ಎಳೆದೆ, ಕಾರು ಮಣ್ಣಿಗೆ ಇಳಿದು ಬೇಲಿ ಗೂಟಕ್ಕೆ ತಾಗಿ ನಿಂತಿತು.

ಶುಂಠಿ ಲೋಡಿನ ಲಾರಿ. ಡ್ರೈವರ್ ಬೈಯುತ್ತಾನೆ ಅಂದುಕೊಂಡೆ. ಆತ ನೀರಿನ ಬಾಟಲಿ ಹಿಡಿದು ಬಂದ. "ಎಲ್ಲಿಂದ ಬರ್ತಿದೀರಮ್ಮ" ಅಂದ. "ಆಸ್ಪತ್ರೆಯಿಂದ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೇಷಂಟು ಹೆಂಗಿದಾರೆ" ಅಂತ ಕೇಳಿದ. ಯಾರೋ ನಮ್ಮವರನ್ನು ಅಡ್ಮಿಟ್ ಮಾಡಿ ಅಳುತ್ತಾ ಬರುತ್ತಿದ್ದೇನೆ ಅಂದುಕೊಂಡಿದ್ದ. ನಾನು "ಚೆನ್ನಾಗಿದಾರೆ" ಅಂದೆ. ರಾತ್ರಿ ಮಾಡಿದ ನಾಲ್ವರೂ ಚೆನ್ನಾಗಿಯೇ ಇದ್ದರು.

ಮನೆಯಲ್ಲಿ ಕಾರಿನ ಗೀರಿಗೆ ನಾನು ಹೇಳಿದ್ದು ಹಸು ಅಡ್ಡ ಬಂತು ಅಂತ. ನಿಮ್ಮ ನಾಯಿ ಓದಿ ನಗು ಬಂತು, ಆಮೇಲೆ ಅಳುವೂ ಬಂತು. ಚಿಟ್ಟೆಯ ಡ್ಯಾನ್ಸ್ ಮುಗಿದಿತ್ತು, ನನಗೆ ಸಿಕ್ಕಿದ್ದು ರೆಕ್ಕೆ ಬಿಚ್ಚುವ ಕೆಲಸ.

ಅಳಿಯ ಸರ್, ನಿಮ್ಮದನ್ನು ಯಜಮಾನರಿಗೆ ಓದಿಸಿದೆ. ಲ್ಯಾರಿಂಗೋಸ್ಕೋಪ್ ಸರ್‌ದೂ ಓದಿದರು. ಹಸುವಿನ ವಿಷಯ ಅಂದೇ ಹೇಳಿದೆ. ಅವರು ಏನೂ ಅನ್ನಲಿಲ್ಲ. ಎದ್ದು ಹೋಗಿ ಮೊಳೆಯ ಮೇಲಿದ್ದ ಕಾರಿನ ಕೀ ತೆಗೆದು ತಮ್ಮ ಶರ್ಟಿನ ಜೇಬಿಗೆ ಹಾಕಿಕೊಂಡರು.

ಆರ್ಥೋ ಸುತ್ತಿಗೆ

ಬ್ಯಾಕಪ್ ಐಡಿಯಾ ವಾಪಸ್ ತೆಗೆದುಕೊಂಡಿದ್ದೇನೆ. ನಿಮ್ಮ ಕಥೆ ಓದಿದ ಮೇಲೆ ನಾನೂ ಪೋಸ್ಟ್ ಡ್ಯೂಟಿ ದಿನ ಬೈಕ್ ಆಸ್ಪತ್ರೆಯಲ್ಲೇ ಬಿಟ್ಟು ಆಲೂರು ಬಸ್ಸು ಹತ್ತಿದೆ. ನಿಂತುಕೊಂಡೇ ನಿದ್ದೆ ಬಂತು. 15 ಕಿಲೋಮೀಟರ್ ಒಳಗೆ! ಇಷ್ಟು ದಿನ ಏನು ಓಡಿಸಿದೆನೋ ದೇವರಿಗೇ ಗೊತ್ತು.

ಒಂದು ಎಚ್ಚರಿಕೆ. ಡಿಸ್ಟ್ರಿಕ್ಟ್ ರೆಸಿಡೆನ್ಸಿ (ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ) ಮೂರು ತಿಂಗಳು ಬಾಕಿ ಇದೆ ಅಲ್ವಾ ನಿಮಗೆ? ಅದು ಬಂದಾಗ ಈ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ. ಎಲ್ಲಿಗೆ ಹಾಕುತ್ತಾರೋ ನಮ್ಮ ಕೈಯಲ್ಲಿಲ್ಲ. ಮನೆಯಲ್ಲಿ ಈಗಲೇ ಹೇಳಿಟ್ಟಿರಿ.

ಹಳೇ ಲ್ಯಾರಿಂಗೋಸ್ಕೋಪು

ಬರೆದದ್ದು ಒಳ್ಳೆಯದಾಯಿತು ಮೇಡಂ. ಹಾಸನಾಂಬ ದರ್ಶನದ ದಿನಗಳಲ್ಲಿ ಬಸ್ಸನ್ನು ನಂಬಬೇಡಿ, ಊರೆಲ್ಲ ಜಾಮ್. ಆ ವಾರದ ಡ್ಯೂಟಿಗಳನ್ನು ಆಸ್ಪತ್ರೆ ಹತ್ತಿರ ಇರುವವರ ಜೊತೆ ಮೊದಲೇ ಬದಲಾಯಿಸಿಕೊಳ್ಳಿ. ಹಾಸ್ಟೆಲ್ ರೂಮಿನ ಕಿಟಕಿಗೆ ದಪ್ಪ ಪರದೆ ಹಾಕಿ. ಹಗಲು ನಿದ್ದೆಗೆ ಅದಕ್ಕಿಂತ ಒಳ್ಳೆಯ ಔಷಧಿ ನಮ್ಮ ಟ್ರೇಯಲ್ಲಿ ಇಲ್ಲ.

ಯಗಚಿ ದಂಡೆ

ಐದು ವಾರ ಆಯಿತು. ಯಾರಾದರೂ ಮುಂದೆ ಇದೇ ಪ್ರಶ್ನೆ ಹುಡುಕಿಕೊಂಡು ಬಂದರೆ ಅಂತ ಬರೆಯುತ್ತಿದ್ದೇನೆ.

ರೂಂ ಬಿಡಲಿಲ್ಲ. ಐದು, ಆರು, ಒಂದನೇ ರಾತ್ರಿ ಹಾಸನದಲ್ಲಿ. ಎರಡು, ಮೂರು, ನಾಲ್ಕನೇ ರಾತ್ರಿ ಬೇಲೂರಿನಲ್ಲಿ. ತಿಂಗಳಿಗೆ 20 ರಾತ್ರಿ ಇದ್ದದ್ದು 15 ಆಯಿತು, ರಸ್ತೆಯ 53 ಗಂಟೆ 40ಕ್ಕೆ ಇಳಿಯಿತು. ಪೋಸ್ಟ್ ಡ್ಯೂಟಿ ದಿನ ಪರದೆ ಎಳೆದು ಮಲಗಿ, ಮೂರೂವರೆ ಬಸ್ಸಿಗೆ ಹೊರಡುತ್ತೇನೆ. ಮಗಳು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಯಲ್ಲಿರುವುದು ಆಗುವುದಿಲ್ಲ. ಅದು ಹೋಯಿತು, ಬೇಜಾರಿದೆ. ಆದರೆ ಐದಕ್ಕೆ ಬಸ್ ಸ್ಟ್ಯಾಂಡಿಗೆ ಅಪ್ಪ ಮಗಳು ಇಬ್ಬರೂ ಬರುತ್ತಾರೆ. ನಿದ್ದೆ ಮಾಡಿ ಬಂದಿರುವುದರಿಂದ ಅವಳು ಹೇಳುವ ಕಥೆ ನನಗೆ ಕೇಳಿಸುತ್ತದೆ.

ಎಚ್‌ಓಡಿ ಹತ್ತಿರ ಪೋಸ್ಟ್ ಡ್ಯೂಟಿ ಬಿಡುಗಡೆಯ ವಿಷಯ ಎತ್ತಿದೆವು, ಆರು ಜನ ಒಟ್ಟಿಗೆ ಹೋಗಿ. 10 ಗಂಟೆಗೆ ಬಿಡುತ್ತೇವೆ ಅಂದಿದ್ದಾರೆ. ಐದು ವಾರದಲ್ಲಿ ನಾಲ್ಕು ಸಲ 11ರೊಳಗೆ ಬಿಟ್ಟರು. ಹತ್ತಲ್ಲ, ಆದರೂ ಒಂದು ಗಂಟೆಯಂತೂ ಅಲ್ಲ.

ಶನಿವಾರ ಮಗಳು ಮೊದಲ ಸಲ ಹಾಸನಕ್ಕೆ ಬಂದಳು. ಹಾಸ್ಟೆಲ್‌ನಲ್ಲಿ ರಾತ್ರಿ ಉಳಿಯಲು ಮಕ್ಕಳನ್ನು ಬಿಡುವುದಿಲ್ಲ. ಕಾಫಿ ಅಂಗಡಿಯಲ್ಲಿ ಕೂತು ಇಡ್ಲಿ ತಿಂದು, ಮಹಾರಾಜ ಪಾರ್ಕಿನಲ್ಲಿ ಆಡಿ, ಎಂಟು ಗಂಟೆ ಬಸ್ಸಿಗೆ ಅಪ್ಪನ ಜೊತೆ ವಾಪಸ್. ಹೊರಡುವಾಗ ನನ್ನ ಕಿಟಕಿ ಯಾವುದು ಅಂತ ತೋರಿಸು ಅಂದಳು. ತೋರಿಸಿದೆ.

ಮೊನ್ನೆ ಪಕ್ಕದ ಮನೆಯವರು ಮತ್ತೆ ಕೇಳಿದರಂತೆ. "ಹಾಸನದಲ್ಲಿ, ಹಸಿರು ಪರದೆ ಮನೆ" ಅಂದಿದ್ದಾಳೆ.